ಸಾಲಿನ ಬಾಲ

ಹಳದಿ ಮೇಲಂಗಿ ತೊಟ್ಟ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ಎಡ್ಗಾರನಿಗೆ ತಿಳಿಯಲಿಲ್ಲ. ರಸ್ತೆ ಅಗೆಯುವವರು ಹಾಕಿಕೊಳ್ಳುವಂಥ, ಬೆಳಕು ಬಿದ್ದರೆ ಮಿಂಚುವ ಪಟ್ಟಿಗಳ ಅಂಗಿ, ಅದಕ್ಕೆ ಜೇಬುಗಳಿರಲಿಲ್ಲ. ಚರ್ಚಿನ ಮುಂದಿನ ಕಲ್ಲುತೊಟ್ಟಿಯ ಸುತ್ತ ಭಾನುವಾರದ ನಡಿಗೆಯವರೆಲ್ಲ ಸೇರಿ, ಬೂಟಿನ ದಾರ ಬಿಗಿಯುತ್ತ, ಊರುಗೋಲಿನ ಉದ್ದ ಸರಿಮಾಡಿಕೊಳ್ಳುತ್ತ, ಒಬ್ಬರ ಚೀಲವನ್ನೊಬ್ಬರು ಎತ್ತಿ ನೋಡಿ ‘ಏನಿದು, ಕಲ್ಲು ತುಂಬ್ಕೊಂಡು ಬಂದಿದೀಯಾ?’ ಎಂದು ನಗುತ್ತ ನಿಂತಿದ್ದರು. ಕಳೆದ ವರ್ಷದ ತನಕ ಈ ಹೊತ್ತಿಗೆ ಆ ತೊಟ್ಟಿಯ ಕಟ್ಟೆಯ ಮೇಲೆ ನಿಂತಿರುತ್ತಿದ್ದವನು ಅವನು. ಸೀಟಿ ಊದಿದರೆ ಎಲ್ಲರ ಬಾಯಿ ಕಟ್ಟುತ್ತಿತ್ತು. ಈಗ ಅಲ್ಲಿ ಔಷಧದಂಗಡಿಯ ನದೆಜ್ ನಿಂತಿದ್ದಳು, ಕೈಯಲ್ಲಿ ಫೋನು ಹಿಡಿದು, ಸೀಟಿಯ ಹಂಗಿಲ್ಲದೆ. ಅವಳು ಇನ್ನೂ ಹುಡುಗಿಯಾಗಿದ್ದಾಗ ಡ್ರೈವಿಂಗ್ ಪರೀಕ್ಷೆಯಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂತು ಅವಳನ್ನು ಫೇಲು ಮಾಡಿದವನು ಇವನೇ. ಈ ಸೀಮೆಯಲ್ಲಿ ಅವನ ಕೈಯಲ್ಲಿ ಒಮ್ಮೆಯಾದರೂ ಫೇಲಾಗದವರು ಕಡಿಮೆ. ಅದನ್ನು ಯಾರೂ ಮನಸ್ಸಿನಲ್ಲಿಟ್ಟುಕೊಂಡಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆಗಾಗ ಹೇಳುತ್ತಿದ್ದರು.

‘ಇವತ್ತು ಸಾಲಿನ ಕೊನೇಲಿ ಎಡ್ಗಾರ್ ಅವ್ರು ಇರ್ತಾರೆ,’ ಎಂದಳು ನದೆಜ್. ‘ಯಾರೂ ಅವ್ರಿಗಿಂತ ಹಿಂದೆ ಉಳೀಬಾರ್ದು. ಸುಸ್ತಾದ್ರೆ, ಕಾಲು ನೋವು ಬಂದ್ರೆ ಅವ್ರಿಗೆ ಹೇಳಿ.’

‘ಅಂದ್ರೆ ಬಾಲ ಅನ್ನು!’ ಎಂದ ಬೇಕರಿಯ ಜಿಲ್ಬೆರ್. ‘ಏ ಎಡ್ಗಾರ್, ಬಾಲ ಬಿಚ್ಚಬೇಡಪ್ಪ. ಅವಳ ಚೀಲದಲ್ಲಿ ಕತ್ತರಿ ಇದೆ.’

ಎಲ್ಲರೂ ನಕ್ಕರು. ಎಡ್ಗಾರನೂ ನಕ್ಕ. ನಗುತ್ತಲೇ ಅವನ ಕಣ್ಣು ಸೊಲಾಂಜಳನ್ನು ಹುಡುಕಿತು. ಅವನ ಹೆಂಡತಿ ಎಲ್ಲರಿಗಿಂತ ಮುಂದೆ, ಕಟ್ಟೆಗೆ ಒರಗಿಕೊಂಡು, ಕೆಂಪು ಸ್ಕಾರ್ಫನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಅವಳು ನಗಲಿಲ್ಲ. ನಕ್ಕಿದ್ದರೇ ಮೇಲಿತ್ತು ಎನ್ನಿಸಿತು ಅವನಿಗೆ.

ಸಾಲು ದ್ರಾಕ್ಷಿತೋಟಗಳ ನಡುವಿನ ಏರುದಾರಿ ಹಿಡಿಯಿತು. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಸುಗ್ಗಿ ಆಗಿಹೋಗಿ ಎಲೆಗಳು ಹಳದಿಗೆ ತಿರುಗಿದ್ದವು. ತಡವಾಗಿ ಕೀಳಲೆಂದು ಬಿಟ್ಟ ಗೊಂಚಲುಗಳು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಸುಕ್ಕುಗಟ್ಟಿ ತೂಗುತ್ತಿದ್ದವು. ಕೆಳಗಿನ ನೆಲಮಾಳಿಗೆಗಳಿಂದ ಹಿಂಡಿದ ಸಿಪ್ಪೆಯ ಹುಳಿವಾಸನೆ ಬೆಟ್ಟದವರೆಗೂ ಹಬ್ಬಿತ್ತು. ಎಡ್ಗಾರನ ಪಕ್ಕದಲ್ಲಿ ಯೋಲಾಂದ್ ಇದ್ದಳು. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಸತ್ತು ಬಹಳ ಕಾಲವಾದವಳು. ನಡೆಯುವುದಕ್ಕಿಂತ ಹೆಚ್ಚು ನಿಲ್ಲುವವಳು. ಮೊಣಕಾಲಿನ ವಿಷಯ ಮುಗಿಸಿ ಸೊಸೆಯ ವಿಷಯಕ್ಕೆ ಬಂದಿದ್ದಳು. ಎಡ್ಗಾರ್ ಹೂಂಗುಟ್ಟುತ್ತಿದ್ದ. ಅವನ ಕಾಲುಗಳಿಗೆ ಈ ನಡಿಗೆ ಗೊತ್ತಿರಲಿಲ್ಲ. ಎರಡು ಹೆಜ್ಜೆ ಹಾಕಿ ನಿಲ್ಲುವುದು, ಮತ್ತೆ ಎರಡು ಹೆಜ್ಜೆ. ಮುಂದೆ, ತಿರುವಿನಾಚೆ, ಕೆಂಪು ಸ್ಕಾರ್ಫು ಕಂಡು ಮರೆಯಾಗುತ್ತಿತ್ತು. ವಸಂತದಲ್ಲಿ ನಡೆದ ಗುಂಪಿನ ಸಭೆಯಲ್ಲೂ ಅವಳು ಅದನ್ನೇ ಕಟ್ಟಿಕೊಂಡಿದ್ದಳು. ಅಗ್ನಿಶಾಮಕದವರ ಕಟ್ಟಡದ ಮೇಲಿನ ಸಭಾಂಗಣ, ಸಾಲಾಗಿ ಮಡಚುಕುರ್ಚಿಗಳು, ಹಿಂದಿನ ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ಈರುಳ್ಳಿ ಟಾರ್ಟಿನ ಘಮ. ಎಡ್ಗಾರ್ ತುಂಬ ದುಡಿದಿದ್ದಾರೆ, ಇನ್ನು ವಿಶ್ರಾಂತಿ ಕೊಡೋಣ ಎಂದು ಯಾರೋ ಹೇಳಿದರು. ವಿಶ್ರಾಂತಿ ಎಂಬ ಮಾತಿಗೆ ಕೆಲವರು ಕೆಮ್ಮಿದರು. ನದೆಜ್ ಬೇಕು ಅನ್ನೋರು ಕೈ ಎತ್ತಿ. ಅವನು ತಿರುಗಿ ನೋಡಬಾರದಾಗಿತ್ತು. ನೋಡಿದ. ಸೊಲಾಂಜಳ ಕೈ ಮೇಲಿತ್ತು. ಪೂರ್ತಿ ಎತ್ತಿರಲಿಲ್ಲ, ಮೊಣಕೈಯನ್ನು ಆ ಟಾರ್ಟಿನ ಮೇಜಿನ ಮೇಲೇ ಊರಿ, ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಕೇಳುವವರ ಹಾಗೆ ಎತ್ತಿದ್ದಳು. ಆ ಅರ್ಧ ಎತ್ತಿದ ಕೈ ಅವನನ್ನು ಹೆಚ್ಚು ಸುಟ್ಟಿತು. ಮನೆಗೆ ಬಂದ ಮೇಲೆ ಅವಳು ಕೇಳಿದ್ದು, ‘ಸೂಪು ಬಿಸಿ ಮಾಡ್ಲಾ?’ ಎಂದು. ಅವನು ಹೂಂ ಎಂದ. ಸೂಪು ಕುಡಿದರು. ಅಂದಿನಿಂದ ಇಂದಿನವರೆಗೆ ಆ ಮಾತು ಇಬ್ಬರ ನಡುವೆ ಬಂದಿರಲಿಲ್ಲ. ಬರದೇ ಇದ್ದುದರಿಂದಲೇ ಅದು ಮನೆಯ ತುಂಬ ಓಡಾಡಿಕೊಂಡಿತ್ತು.

‘ಏನೋ ಕೇಳ್ದೆ ನಾನು,’ ಎಂದಳು ಯೋಲಾಂದ್.

‘ಏನು?’

‘ಬಿಡು. ನೀನು ಇಲ್ಲಿಲ್ಲ.’

ಬೆಟ್ಟದ ಬುಡದ ಹಳೆಯ ಊರಿನ ಬುರುಜು ಬಾಗಿಲಲ್ಲಿ ಉಳಿದವರು ಇವರಿಗಾಗಿ ಕಾಯುತ್ತಿದ್ದರು. ಕಾಯುತ್ತಿದ್ದರು ಎಂದರೆ, ಅಂಗಡಿಗಳಿಗೆ ನುಗ್ಗಿ ಶುಂಠಿ ಬಿಸ್ಕತ್ತು ಕೊಂಡು ತಿನ್ನುತ್ತಿದ್ದರು. ಅವನ ಕಾಲದಲ್ಲಿ ಈ ಊರಿನಲ್ಲಿ ನಿಲ್ಲುವ ಪದ್ಧತಿಯೇ ಇರಲಿಲ್ಲ. ಪ್ರವಾಸಿಗಳು ನಿಲ್ಲುವ ಜಾಗ ಅದು, ನಡೆಯುವವರು ನಿಲ್ಲುವುದಲ್ಲ ಎಂದು ಒಂದು ಸಲ ಸೊಲಾಂಜ್ ಗೊಂಬೆಯಂಗಡಿಯ ಕಿಟಕಿಯ ಮುಂದೆ ನಿಂತಾಗ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದ. ಈಗ ಇಡೀ ಗುಂಪು ಆ ಕಿಟಕಿಯ ಮುಂದಿತ್ತು. ‘ಫೋಟೋ, ಫೋಟೋ!’ ಎಂದು ಯಾರೋ ಕೂಗಿದರು. ಎಲ್ಲರೂ ಕಮಾನಿನ ಕೆಳಗೆ ಒತ್ತೊತ್ತಾಗಿ ನಿಂತರು. ಎಡ್ಗಾರ್ ತಾನೆಲ್ಲಿ ನಿಲ್ಲಬೇಕೆಂದು ನೋಡಿ, ಸೊಲಾಂಜಳ ಪಕ್ಕ ಒಂದಿಷ್ಟು ಜಾಗವಿದ್ದುದನ್ನು ಕಂಡು, ಆ ಕಡೆ ಹೆಜ್ಜೆ ಇಟ್ಟಿದ್ದನಷ್ಟೆ.

‘ಬಾಲ ತೆಗೀಲಿ ಫೋಟೋನ,’ ಎಂದು ಜಿಲ್ಬೆರ್ ಅವನ ಕೈಗೆ ಫೋನು ತುರುಕಿದ. ‘ಬಾಲ ಹಿಂದೇನೇ ಇರೋದು ಅಲ್ವಾ?’

ಅವನು ತೆಗೆದ. ತೆಗೆದದ್ದನ್ನು ನೋಡಿ ನದೆಜ್ ಮೆಲ್ಲಗೆ, ‘ಎಡ್ಗಾರ್ ಅವ್ರೇ, ನಿಮ್ಮ ಬೆರಳು ಬಂದಿದೆ,’ ಎಂದಳು. ಮತ್ತೆ ತೆಗೆದ. ಎರಡನೆಯದರಲ್ಲೂ ಬೆರಳು ಬಂದಿತ್ತು. ಪರವಾಗಿಲ್ಲ, ಪರವಾಗಿಲ್ಲ ಎಂದರು ಎಲ್ಲರೂ, ಕಾಯಿಲೆಯವರಿಗೆ ಹೇಳುವ ದನಿಯಲ್ಲಿ.

ಊರು ದಾಟಿದರೆ ಚೆಸ್ಟ್‌ನಟ್ ಮರಗಳ ಕಾಡು. ಮುಳ್ಳುಸಿಪ್ಪೆಗಳು ಬಾಯಿಬಿಟ್ಟುಕೊಂಡು ದಾರಿಯುದ್ದಕ್ಕೂ ಬಿದ್ದಿದ್ದವು. ಅವುಗಳ ಮೇಲೆ ಒದ್ದೆ ಎಲೆ. ಅದರಾಚೆ ಪೈನ್ ಮರಗಳು, ಅದರ ಮೇಲೆ ಕೆಂಪುಕಲ್ಲಿನ ಪಾಳುಕೋಟೆ. ಕೋಟೆಯಲ್ಲಿ ಬುತ್ತಿ ಬಿಚ್ಚಿದಾಗ ಸೊಲಾಂಜ್ ಬಂದು ಅವನ ಪಾಲಿನ ರೊಟ್ಟಿ, ಬೇಯಿಸಿದ ಮೊಟ್ಟೆ ಕೊಟ್ಟು, ‘ಚಳಿ ಆಗ್ತಿದೆಯಾ?’ ಎಂದಳು. ‘ಇಲ್ಲ,’ ಎಂದ. ಅವಳು ಒಂದು ಗಳಿಗೆ ನಿಂತಳು. ಅವನು ಮೊಟ್ಟೆಯ ಸಿಪ್ಪೆಯನ್ನು ಬಹಳ ಎಚ್ಚರಿಕೆಯಿಂದ ಸುಲಿಯತೊಡಗಿದ. ಅವಳು ಹೋದಳು.

ಕೋಟೆಯಿಂದ ಇಳಿಯುವಾಗ ದಾರಿ ಎರಡಾಗುತ್ತದೆ. ಅಲ್ಲಿ ಒಂದು ದೊಡ್ಡ ಪೈನ್ ಮರವಿತ್ತು. ಅದರ ಮೇಲೆ ಪ್ರತಿ ವರ್ಷವೂ ಚಳಿಗಾಲ ಕಳೆದ ಮೇಲೆ ಅವನು ಹೊಸದಾಗಿ ಕೆಂಪು ಬಣ್ಣದ ಗುರುತು ಬಳಿಯುತ್ತಿದ್ದ. ಎಡ್ಗಾರ್ ಯೋಲಾಂದಳನ್ನು ಕರೆದುಕೊಂಡು ಅಲ್ಲಿಗೆ ಬಂದಾಗ ಮರವಿರಲಿಲ್ಲ. ಹುಳ ಬಿದ್ದ ಪೈನುಗಳನ್ನೆಲ್ಲ ಬೇಸಿಗೆಯಲ್ಲಿ ಕಡಿದಿದ್ದರು. ದಾರಿಯ ಬದಿಯಲ್ಲಿ ದಿಮ್ಮಿಗಳನ್ನು ಒಟ್ಟಿದ್ದರು; ನಡುವಿನ ಒಂದು ದಿಮ್ಮಿಯ ಮೈಮೇಲೆ ಅವನ ಕೆಂಪು ಗುರುತು ಹಾಗೇ ಇತ್ತು, ಆಕಾಶಕ್ಕೆ ಮುಖಮಾಡಿಕೊಂಡು. ಯಾರೂ ನೋಡಿರಲಿಲ್ಲ. ಮುಂದಿನವರು ಎಡಕ್ಕೆ ತಿರುಗಿದ್ದರು. ಎಡಕ್ಕಿದ್ದುದು ದಿಮ್ಮಿ ಸಾಗಿಸಲು ಯಂತ್ರದವರು ಈಗ ಅಗಲ ಮಾಡಿಕೊಂಡ ಹಳೆಯ ದಾರಿ. ನೋಡಿದವರನ್ನು ಬಾ ಎಂದು ಕರೆಯುವಂತಿತ್ತು. ಸ್ವಲ್ಪ ದೂರ ಹೋದರೆ ಅದು ಕಡಿದಾದ ಕಮರಿಯ ತಲೆಯಲ್ಲಿ, ಮುಳ್ಳುಪೊದೆಯಲ್ಲಿ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಲಕ್ಕಿದ್ದ ಸಣ್ಣ ಕಾಲುದಾರಿಯೇ ಸರಿಯಾದದ್ದು.

ಪ್ಯಾಂಟಿನ ಜೇಬಿನಲ್ಲಿ ಅವನ ಬೆರಳಿಗೆ ಸೀಟಿ ಸಿಕ್ಕಿತು. ಯಾಕೆ ತಂದಿದ್ದನೋ. ಒಂದು ಸಲ ಊದಿದರೆ ಸಾಕು. ಎಲ್ಲರೂ ನಿಂತು, ತಿರುಗಿ, ಅವನ ಕಡೆಗೆ ನಡೆದು ಬರುತ್ತಾರೆ; ಅವನು ಬಲಗಡೆ ಕೈ ತೋರಿಸುತ್ತಾನೆ. ಆಮೇಲೆ? ಆಮೇಲೆ ನದೆಜ್ ‘ಅಯ್ಯೋ, ಥ್ಯಾಂಕ್ಸ್ ಎಡ್ಗಾರ್ ಅವ್ರೇ’ ಅನ್ನುತ್ತಾಳೆ, ಜಿಲ್ಬೆರ್ ‘ಬಾಲಕ್ಕೂ ಕಣ್ಣಿದೆ’ ಅನ್ನುತ್ತಾನೆ, ಮತ್ತೆ ಅವಳು ಮುಂದೆ, ಇವನು ಹಿಂದೆ. ಅವನು ಸೀಟಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದ. ಅವರೇ ಬರಲಿ. ದಾರಿ ಕಾಣದೆ ನಿಂತು, ಎಡ್ಗಾರ್ ಎಲ್ಲಿ, ಎಡ್ಗಾರನ್ನ ಕೇಳಿ ಎಂದು ಕೂಗಲಿ. ದೂರದಲ್ಲಿ ಕೆಂಪು ಸ್ಕಾರ್ಫು ಒಂದು ಕ್ಷಣ ನಿಂತಂತೆ ಕಂಡಿತು. ಬೂಟಿನ ದಾರ ಬಿಚ್ಚಿರಬೇಕು. ಮತ್ತೆ ಹೊರಟಿತು.

‘ಇದೇ ದಾರೀನಾ ಎಡ್ಗಾರ್?’ ಎಂದಳು ಯೋಲಾಂದ್. ‘ನಂಗೇಕೋ ಈ ಕಡೆ ಬಂದ ಹಾಗೇ ಇಲ್ಲ.’

‘ಮುಂದಿರೋರು ಹೋಗ್ತಿದ್ದಾರಲ್ಲ,’ ಎಂದ ಅವನು.

ಅವಳು ಅವನ ಮುಖ ನೋಡಿದಳು. ಆಮೇಲೆ ಊರುಗೋಲನ್ನು ಎಡಕ್ಕೆ ಊರಿದಳು.

ಆ ದಾರಿಯಲ್ಲಿ ನಡೆದಷ್ಟು ಹೊತ್ತೂ ಎಡ್ಗಾರನೊಳಗೆ ಒಂದು ಬಗೆಯ ಹಗುರ ತುಂಬಿತ್ತು. ಬಹಳ ತಿಂಗಳ ಮೇಲೆ ಅವನ ಹೆಜ್ಜೆ ತನ್ನದೆನ್ನಿಸಿತ್ತು. ಯಂತ್ರದ ಚಕ್ರಗಳು ಕೊರೆದ ಗುಂಡಿಗಳಲ್ಲಿ ನೀರು ನಿಂತಿತ್ತು. ಯೋಲಾಂದ್ ಮಾತು ನಿಲ್ಲಿಸಿದ್ದಳು. ಅವಳ ಉಸಿರು ಕೇಳುತ್ತಿತ್ತು. ಅದು ತನಗೆ ಕೇಳಿಸುತ್ತಿದೆ ಎಂಬುದನ್ನು ಅವನು ಗಮನಿಸಲಿಲ್ಲ, ಅಥವಾ ಗಮನಿಸಿ ಬದಿಗಿಟ್ಟ. ಕೊನೆಗೆ ಪೊದೆಗಳಾಚೆಯಿಂದ ಕೂಗು ಬಂತು. ಬಂತು, ಎಂದುಕೊಂಡ. ಆದರೆ ಆ ಕೂಗಿನಲ್ಲಿ ಏನೋ ತಪ್ಪಿತ್ತು. ಅದು ನಗು.

ಕಮರಿಯ ಅಂಚಿಗೆ ಬಂದು ನೋಡಿದರೆ ಅರ್ಧಕ್ಕರ್ಧ ಜನ ಆಗಲೇ ಕೆಳಗಿದ್ದರು. ಒದ್ದೆ ಎಲೆಗಳ ಮೇಲೆ ಕೂತು, ಒಬ್ಬರ ಹಿಂದೊಬ್ಬರು ಜಾರಿ ಇಳಿಯುತ್ತಿದ್ದರು. ಬೇಕರಿಯ ಜಿಲ್ಬೆರ್, ಆ ಹೊಟ್ಟೆಯ ಜಿಲ್ಬೆರ್, ಕೈಕಾಲು ಮೇಲೆ ಮಾಡಿ ಹಿಟ್ಟಿನ ಮೂಟೆಯಂತೆ ಉರುಳಿದ. ಆಮೇಲೆ ಸೊಲಾಂಜ್. ಸ್ಕಾರ್ಫನ್ನು ತಲೆಗೆ ಬಿಗಿದುಕೊಂಡು, ಎರಡೂ ಕೈಗಳಿಂದ ನೆಲ ನೂಕಿ, ಕಿರುಚುತ್ತ ಜಾರಿದಳು. ಕೆಳಗೆ ತಲುಪಿ ಅಲ್ಲೇ ಮಲಗಿಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ನಗುವನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಮೊದಲಿಗೆ ಅದು ಅವಳದೆಂದು ಗುರುತೇ ಹತ್ತಲಿಲ್ಲ. ಯಾರೋ ಹೆಂಗಸು ಅಳುತ್ತಿದ್ದಾಳೆ ಎಂದು ಗಾಬರಿಯಾಗಿ ಬಗ್ಗಿ ನೋಡಿದ.

‘ದಾರಿ ತಪ್ಪಿದ್ವಿ!’ ಎಂದು ಕೆಳಗಿನಿಂದ ನದೆಜ್ ಕೂಗಿ ಹೇಳಿದಳು. ದನಿಯಲ್ಲಿ ನಾಚಿಕೆಯೇ ಇರಲಿಲ್ಲ. ‘ಪರವಾಗಿಲ್ಲ, ಇಲ್ಲೇ ಕೆಳಗೆ ದ್ರಾಕ್ಷಿತೋಟ ಕಾಣ್ತಿದೆ, ಒಂದು ಮನೇನೂ ಇದೆ. ಎಡ್ಗಾರ್ ಅವ್ರೇ, ನೀವು ಯೋಲಾಂದ್ ಅವ್ರನ್ನ ಕರ್ಕೊಂಡು ಹಿಂದೆ ಹೋಗಿ ಸುತ್ತಿ ಬರ್ತೀರಾ? ನಿಮಗೆ ದಾರಿ ಗೊತ್ತಲ್ಲ!’

ನಿಮಗೆ ದಾರಿ ಗೊತ್ತಲ್ಲ. ಇದೇ ಮಾತಿಗಾಗಿ ಅವನು ಕಾದಿದ್ದ. ಬಂದದ್ದು ಹೀಗೆ ಬಂತು. ಅವಳು ಅದನ್ನು ನಂಬಿಕೆಯಿಂದಲೇ ಹೇಳಿದ್ದಳು. ಅಣಕವೇನಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಅವನಿಗೊಂದು ಹಿಡಿಕೆಯಾದರೂ ಸಿಗುತ್ತಿತ್ತು.

ಹಿಂದಿರುಗುವ ದಾರಿಯಲ್ಲಿ ಯೋಲಾಂದ್ ಬಿದ್ದಳು. ದೊಡ್ಡದೇನೂ ಅಲ್ಲ, ದಿಮ್ಮಿಗಳ ಹತ್ತಿರ ಎಲೆಯ ಕೆಳಗಿನ ಬೇರಿಗೆ ಪಾದ ಸಿಕ್ಕಿ, ನಿಧಾನವಾಗಿ, ಕೂರುವವಳ ಹಾಗೆ ಕುಸಿದಳು. ಎತ್ತಲು ಹೋದರೆ ಕಾಲೂರಲಾಗಲಿಲ್ಲ. ಅವನು ಅವಳ ಬೂಟು ಬಿಚ್ಚಿದ. ಕಾಲ್ಚೀಲದೊಳಗೆ ಮುದುಕಿಯ ಪಾದ ಹಕ್ಕಿಯ ಕಾಲಿನಂತೆ ತಣ್ಣಗಿತ್ತು. ಕಾಲಿನ ಹರಡಿನ ಬಳಿ ಊತ ಏರುತ್ತಿತ್ತು. ಅವನು ತನ್ನ ಹಳದಿ ಅಂಗಿಯನ್ನು ಕಳಚಿ ಹರಡಿಗೆ ಸುತ್ತಿ ಕಟ್ಟಿದ. ಆಮೇಲೆ ಅವಳ ಚೀಲವನ್ನು ಎದೆಗೂ ತನ್ನದನ್ನು ಬೆನ್ನಿಗೂ ಹಾಕಿಕೊಂಡು, ಅವಳ ತೋಳನ್ನು ಕುತ್ತಿಗೆಗೆ ಬಳಸಿ, ಬಲಗಡೆಯ ಕಾಲುದಾರಿಯಲ್ಲಿ ಇಳಿಯತೊಡಗಿದ.

‘ನಾನು ಕೇಳ್ದೆ ನಿನ್ನ,’ ಎಂದಳು ಅವಳು ಸ್ವಲ್ಪ ಹೊತ್ತಿನ ಮೇಲೆ. ‘ಇದೇ ದಾರೀನಾ ಅಂತ.’

‘ನಂಗೂ ಖಾತ್ರಿ ಇರ್ಲಿಲ್ಲ.’

‘ನಿನಗೆ?’ ಯೋಲಾಂದ್ ನಿಂತಳು. ‘ಖಾತ್ರಿ ಇರ್ಲಿಲ್ವಾ? ನಿನಗೆ?’ ನಗಲು ಹೊರಟವಳು ನೋವಿಗೆ ಮುಖ ಹಿಂಡಿದಳು, ಕಣ್ಣಲ್ಲಿ ನೀರು ಬಂತು. ‘ಅಲ್ಲ ಮಾರಾಯ, ಸಿಟ್ಟಿದ್ರೆ ನದೆಜ್ ಮೇಲೆ ತೀರಿಸ್ಕೋ. ನನ್ನ ಕಾಲು ನಿಂಗೇನು ಮಾಡಿತ್ತು?’

ಕ್ಷಮಿಸಿ ಎನ್ನಬಹುದಿತ್ತು, ಆ ಮಾತು ಗಂಟಲವರೆಗೆ ಬಂದು, ಅಲ್ಲಿ ಬೇರೆ ಏನೋ ಆಗಿ, ‘ನಿಧಾನ, ಇಲ್ಲಿ ಕಲ್ಲಿದೆ,’ ಎಂದು ಹೊರಬಂತು. ದಾರಿಯುದ್ದಕ್ಕೂ ಅದನ್ನೇ ಹೇಳಿದ. ಇಲ್ಲಿ ಕಲ್ಲಿದೆ, ಇಲ್ಲಿ ಬೇರಿದೆ, ಇಲ್ಲಿ ಜಾರುತ್ತದೆ. ಅವನಿಗೆ ಗೊತ್ತಿಲ್ಲದ ಒಂದು ಕಲ್ಲೂ ಆ ದಾರಿಯಲ್ಲಿರಲಿಲ್ಲ.

ಅವರಿಬ್ಬರೂ ದ್ರಾಕ್ಷಿತೋಟದ ಮನೆಯ ಅಂಗಳ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗುಂಪಿನವರು ಅಂಗಳದ ಉದ್ದ ಮೇಜಿನ ಸುತ್ತ ಕೂತಿದ್ದರು. ಅವರ ಬಟ್ಟೆಯೆಲ್ಲ ಕೆಸರು, ತಲೆಗೂದಲಲ್ಲೆಲ್ಲ ಎಲೆ. ಕಾಡಿನಿಂದ ತನ್ನ ತೋಟಕ್ಕೆ ಉದುರಿದ ಈ ಜನರನ್ನು ಕಂಡು ಮನೆಯ ಯಜಮಾನನಿಗೆ ಎಷ್ಟು ಖುಷಿಯಾಗಿತ್ತೆಂದರೆ, ಇನ್ನೂ ನೊರೆ ಆರದ ಹೊಸ ವೈನಿನ ಹೂಜಿಗಳನ್ನು, ಅಕ್ರೋಟನ್ನು, ಹಂದಿಮಾಂಸದ ತೆಳುಹೋಳುಗಳನ್ನು ತಂದು ಸುರಿದಿದ್ದ. ಹೀಗೆ ಒಂದು ಭಾನುವಾರ ಎಡ್ಗಾರನ ಕಾಲದಲ್ಲಿ ನಡೆದಿರಲಿಲ್ಲ. ಯೋಲಾಂದಳ ಕಾಲು ಕಂಡ ಕೂಡಲೆ ನದೆಜ್ ಲೋಟ ಇಟ್ಟು ಓಡಿ ಬಂದಳು. ನೆಲಕ್ಕೆ ಮಂಡಿಯೂರಿ, ಹಳದಿ ಅಂಗಿ ಬಿಚ್ಚಿ, ಪಟ್ಟಿ ಸುತ್ತತೊಡಗಿದಳು.

‘ನೀವಿಲ್ದೇ ಇದ್ರೆ ಏನು ಗತಿಯಾಗ್ತಿತ್ತು,’ ಎಂದಳು ತಲೆ ಎತ್ತದೆ. ‘ತಪ್ಪು ನಂದೇ.’

‘ಬಾಲಕ್ಕೆ ಜಯವಾಗಲಿ!’ ಎಂದು ಜಿಲ್ಬೆರ್ ಲೋಟ ಎತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

‘ನಂಗೆ ಗೊತ್ತಿತ್ತು,’ ಎಂದ ಎಡ್ಗಾರ್.

ಚಪ್ಪಾಳೆಯಲ್ಲಿ ಅದು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ‘ಅದು ತಪ್ಪು ದಾರಿ ಅಂತ ನಂಗೆ ಗೊತ್ತಿತ್ತು. ಕವಲಿನ ಹತ್ರಾನೇ ಗೊತ್ತಿತ್ತು. ಬೇಕಂತಲೇ ಹೇಳ್ಲಿಲ್ಲ.’

ಎಲ್ಲರೂ ಅವನ ಕಡೆ ತಿರುಗಿದರು. ಕೊನೆಗೂ, ಎಂದುಕೊಂಡ ಅವನು. ಬೈಯಲಿ, ಏನಾದರೂ ಅನ್ನಲಿ. ಜಿಲ್ಬೆರ್ ಮೇಜಿಗೆ ಕೈ ಬಡಿದು, ‘ಹೇಳ್ದೇ ಇದ್ದಿದ್ದು ದೊಡ್ಡ ಉಪಕಾರ ಮಾರಾಯ!’ ಎಂದ. ‘ಹೇಳಿದ್ರೆ ಈ ವೈನ್ ನಿಮ್ಮಪ್ಪ ಕೊಡ್ತಿದ್ನಾ?’ ಎಲ್ಲರೂ ಮತ್ತೆ ನಕ್ಕರು. ಯಾರೋ ಅವನ ಬೆನ್ನು ತಟ್ಟಿದರು. ಯಾರೋ ಕೈಗೆ ಲೋಟ ಕೊಟ್ಟರು. ತನ್ನ ಕೇಡನ್ನೂ ಇವರು ತಮ್ಮ ಹಬ್ಬಕ್ಕೆ ಸೇರಿಸಿಕೊಂಡುಬಿಟ್ಟರಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ನದೆಜ್ ಮಾತ್ರ, ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಮ್ಮೆ ಅವನನ್ನು ದೃಷ್ಟಿಸಿ ನೋಡಿ, ಮತ್ತೆ ಯೋಲಾಂದಳ ಕಾಲಿನ ಕಡೆಗೆ ಬಗ್ಗಿದಳು. ಮೇಜಿನ ಆಚೆ ತುದಿಯಲ್ಲಿ ಸೊಲಾಂಜ್ ಅಕ್ರೋಟಿನ ಚಿಪ್ಪುಗಳನ್ನು ಒಂದರೊಳಗೊಂದು ಕೂರಿಸುತ್ತಿದ್ದಳು.

ಜಿಲ್ಬೆರ್ ಊರಿಗೆ ಹೋಗಿ ತನ್ನ ವ್ಯಾನು ತಂದು ಯೋಲಾಂದಳನ್ನು ಮನೆಗೆ ಬಿಡಲು ಹೊರಟ. ಎಡ್ಗಾರ್ ಮತ್ತು ಸೊಲಾಂಜ್ ಚರ್ಚಿನ ತನಕ ನಡೆದು ಬಂದು ಕಾರು ಹತ್ತಿದರು. ಕಾರು ಊರು ದಾಟಿತು. ರಸ್ತೆಯ ಎರಡೂ ಬದಿ ದ್ರಾಕ್ಷಿಸಾಲುಗಳು ಕತ್ತಲಿಗೆ ತಿರುಗುತ್ತಿದ್ದವು.

‘ನಂಗೂ ಗೊತ್ತಿತ್ತು,’ ಎಂದಳು ಸೊಲಾಂಜ್.

‘ಏನು?’

‘ಅದು ತಪ್ಪು ದಾರಿ ಅಂತ. ಮರ ಇಲ್ದಿದ್ರೇನು? ಬಣ್ಣದ ಡಬ್ಬಿ ಹಿಡ್ಕೊಂಡು ಅದರ ಬುಡದಲ್ಲಿ ಎಷ್ಟು ವರ್ಷ ನಿಂತಿದೀನಿ ನಾನು.’

ಅವನ ಕಾಲು ತಾನಾಗಿಯೇ ವೇಗ ತಗ್ಗಿಸಿತು. ‘ಮತ್ತೆ ನದೆಜ್‌ಗೆ ಯಾಕೆ ಹೇಳ್ಲಿಲ್ಲ?’

‘ನೀನ್ಯಾಕೆ ಹೇಳ್ಲಿಲ್ಲ? ತಿರುಗಿ ನೋಡಿದೆ ನಾನು. ನೀನು ಜೇಬಲ್ಲಿ ಕೈ ಇಟ್ಕೊಂಡು ನಿಂತಿದ್ದೆ.’ ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. ‘ಪ್ರತಿ ಸಲ ಅನ್ನಿಸ್ತಿತ್ತು, ಆ ಕಡೆ ಏನಿದೆ ನೋಡ್ಬೇಕು ಅಂತ. ಕೇಳಿದ್ರೆ, ಏನೂ ಇಲ್ಲ, ಅದು ದಾರಿ ಅಲ್ಲ, ನಡಿ ಅಂತಿದ್ದೆ. ಏನೂ ಇಲ್ಲ ಅನ್ನೋದನ್ನೂ ನಾನೇ ನೋಡ್ಬೇಕಿತ್ತು ಎಡ್ಗಾರ್.’

ಅವನು ಗಂಟಲು ಸರಿಮಾಡಿಕೊಂಡ. ಇಷ್ಟು ತಿಂಗಳು ಬಾಯಿಯೊಳಗೇ ತಿರುಗಿಸಿ ತಿರುಗಿಸಿ ಸವೆದಿದ್ದ ಮಾತು, ಹೇಳುವಾಗ ಬಹಳ ಚಿಕ್ಕದಾಗಿತ್ತು. ‘ಅವತ್ತು ಕೈ ಎತ್ತಿದೆ ನೀನು.’

‘ಎತ್ತಿದೆ.’

‘ಯಾಕೆ?’

‘ಮುಂದೆ ಹೋಗೋದು ತಪ್ಪಿದ್ರೆ ನನ್ನ ಜೊತೆ ನಡೀತೀಯೇನೋ ಅಂತ.’ ಅವಳು ಆಕಳಿಸಿದಳು, ವೈನು, ಆಯಾಸ. ‘ಅವ್ರು ಆ ಅಂಗಿ ಕೊಡೋಕೆ ಬಂದಾಗ ಬೇಡ ಅಂತೀಯ ಅನ್ಕೊಂಡೆ. ನೀನು ತಗೊಂಡೆ. ಮುಂದೆ ಇಲ್ಲಾಂದ್ರೆ ಹಿಂದೆ. ನಡುವೆ ಇರೋದು ನಿಂಗೆ ಬರೋದೇ ಇಲ್ಲ.’

ಅವಮಾನ ಮಾಡಿದವರಿಗೆ ತೋರಿಸಬೇಕೆಂದೇ ಆ ಅಂಗಿಗೆ ಒಪ್ಪಿಕೊಂಡೆ ಎನ್ನೋಣವೆಂದರೆ, ಯಾರಿಗೆ, ಏನನ್ನು ತೋರಿಸಿದ್ದು ಎಂಬುದು ಅವನಿಗೆ ಈಗ ಹೊಳೆಯಲಿಲ್ಲ. ತಾನಿಲ್ಲದ ಫೋಟೋಗಳು, ತಾನು ಕುಡಿಯದೆ ಬಿಟ್ಟ ವೈನು, ಕೋಟೆಯ ಮೇಲೆ ಅವಳು ಕಾದು ನಿಂತಿದ್ದ ಆ ಗಳಿಗೆ. ಯಾವುದನ್ನೂ ಇನ್ನೊಬ್ಬರು ಅವನಿಂದ ಕಿತ್ತುಕೊಂಡಿರಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು, ಕೂರಲು ಜಾಗವಿಲ್ಲದೆ. ವಾಕ್ಯ ಕೂಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವಳ ತಲೆ ಕಿಟಕಿಗೆ ಒರಗಿತ್ತು. ನಿದ್ದೆ ಬಂದಿತ್ತು.

ಮನೆಯ ಮುಂದೆ ಕಾರು ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ, ಆರಿಸಿದರೆ ಆ ಮೌನಕ್ಕೆ ಅವಳು ಏಳುತ್ತಾಳೆ. ಬೀದಿದೀಪದ ಬೆಳಕಲ್ಲಿ ಅವಳ ಮುಖ ಕಾಣುತ್ತಿತ್ತು. ಕೆನ್ನೆಯ ಮೇಲೆ ಮುಳ್ಳು ಗೀರಿದ ಸಣ್ಣ ಕೆಂಪು ಗೆರೆ. ಪ್ಯಾಂಟಿನಿಂದ ಸೀಟಿನ ಬಟ್ಟೆಗೆಲ್ಲ ಕೆಸರು ಮೆತ್ತಿತ್ತು. ಬೇರೆ ದಿನವಾಗಿದ್ದರೆ ಕಾರು ಹತ್ತುವ ಮೊದಲೇ ಹಳೆಯ ಪೇಪರು ಹಾಸಿ, ಇದರ ಮೇಲೆ ಕೂರು ಎನ್ನುತ್ತಿದ್ದ. ಅವನು ಕೈ ಚಾಚಿದ. ಎಲ್ಲಿ ಮುಟ್ಟಬೇಕೆಂದು ತಿಳಿಯದೆ, ಗೇರಿನ ಮೇಲೆ ಇಟ್ಟ.

ಸೊಲಾಂಜ್ ಕಣ್ಣು ತೆರೆಯದೆಯೇ ಕೇಳಿದಳು, ‘ಮನೆ ಬಂತಾ?’

‘ಇಲ್ಲ,’ ಎಂದ ಎಡ್ಗಾರ್. ‘ಇನ್ನೂ ಸ್ವಲ್ಪ ದೂರ ಇದೆ.’